ಆಂಬ್ಯುಲೆನ್ಸ್ ಬಿಲ್ಲು ಕೊಡಲ್ಲ ಅಂತ ಇನ್ಶೂರೆನ್ಸ್ ಕಂಪನಿ ಹೇಳಿದ್ರೆ ಏನ್ ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆ ಬಿಲ್ಲು ಪಾಸಾಗಿದೆ, ಆಂಬ್ಯುಲೆನ್ಸ್ ದುಡ್ಡು ಮಾತ್ರ ಕಟ್ ಮಾಡಿದಾರೆ ಅನ್ನೋರು ತುಂಬಾ ಜನ ಇದಾರೆ. ಮೊತ್ತ ಸಣ್ಣದು, ಮನೇಲಿ ರೋಗಿ ನೋಡ್ಕೊಳ್ಳೋದೇ ದೊಡ್ಡ ಕೆಲಸ, ಹಾಗಾಗಿ ಬಹಳಷ್ಟು ಜನ ಅಲ್ಲಿಗೇ ಬಿಟ್ಟುಬಿಡ್ತಾರೆ. ದಯವಿಟ್ಟು ಬಿಡಬೇಡಿ. ದೂರು ಕೊಡೋಕೆ ಫೀಸು ಬೇಕಿಲ್ಲ, ವಕೀಲರೂ ಬೇಕಿಲ್ಲ, ಬೇಕಾಗಿರೋದು ಒಂದೆರಡು ಸರಿಯಾದ ಕಾಗದ ಮತ್ತೆ ಸ್ವಲ್ಪ ತಾಳ್ಮೆ. ಆ ಕಾಗದ ಯಾವುದು, ಎಲ್ಲಿ ಗೆಲ್ತೀರಿ, ಎಲ್ಲಿ ಗೆಲ್ಲೋದು ಕಷ್ಟ ಅಂತ ಕೆಳಗೆ ಬರ್ದಿದೀನಿ.

ಹೆಲ್ತ್ ಪಾಲಿಸಿ ಇದ್ರೆ ಆಂಬ್ಯುಲೆನ್ಸ್ ಖರ್ಚು ಬಂದೇ ಬರತ್ತಾ?

ಹೆಚ್ಚಿನ ಪಾಲಿಸಿಗಳಲ್ಲಿ ಬರತ್ತೆ, ಆದ್ರೆ ಮೂರು ಕಟ್ಟುಪಾಡು ಇರತ್ತೆ. ಒಂದು, ಇಷ್ಟೇ ರೂಪಾಯಿ ಅಂತ ಲಿಮಿಟ್. ಎರಡು, ಆಸ್ಪತ್ರೆ ಅಡ್ಮಿಷನ್ನಿನ ಕ್ಲೈಮ್ ಪಾಸಾದ್ರೆ ಮಾತ್ರ ಆಂಬ್ಯುಲೆನ್ಸ್ ಕ್ಲೈಮ್. ಮೂರು, ಎಮರ್ಜೆನ್ಸಿ ಆಗಿರಬೇಕು. ಉದಾಹರಣೆಗೆ 2020ರ ಏಪ್ರಿಲ್‌ನಿಂದ ಎಲ್ಲಾ ಕಂಪನಿಗಳೂ ಮಾರಬೇಕು ಅಂತ ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ತಂದ ಆರೋಗ್ಯ ಸಂಜೀವನಿ ಪಾಲಿಸಿ ತಗೊಳ್ಳಿ, ಅದರಲ್ಲಿ ಒಂದು ಅಡ್ಮಿಷನ್‌ಗೆ 2,000 ರೂಪಾಯಿವರೆಗೆ ಮಾತ್ರ ಆಂಬ್ಯುಲೆನ್ಸ್ ಖರ್ಚು. ಬೇರೆ ಪಾಲಿಸಿಗಳಲ್ಲಿ ಇದಕ್ಕಿಂತ ಜಾಸ್ತಿ ಇರಬಹುದು, ಕೆಲವದ್ರಲ್ಲಿ ರಸ್ತೆ ಆಂಬ್ಯುಲೆನ್ಸಿಗೆ ಲಿಮಿಟ್ಟೇ ಇಲ್ಲ. ನಿಮ್ಮದು ಯಾವ್ದು ಅಂತ ತಿಳ್ಕೊಳ್ಳೋಕೆ ಪೂರ್ತಿ ಪಾಲಿಸಿ ಪುಸ್ತಕ ಓದೋದು ಬೇಡ, ಅದರ ಜೊತೆ ಕಸ್ಟಮರ್ ಇನ್ಫರ್ಮೇಷನ್ ಶೀಟ್ ಅಂತ ಒಂದು ಸಣ್ಣ ದಾಖಲೆ ಕೊಡ್ತಾರೆ, ಅದರಲ್ಲಿ ಸಬ್ ಲಿಮಿಟ್ ಅನ್ನೋ ಕಡೆ ನೋಡಿ.

ಬಿಲ್ಲು 18 ಸಾವಿರ ಆಗಿದೆ, ಕೊಟ್ಟಿದ್ದು 2 ಸಾವಿರ. ಕೋರ್ಟಿಗೆ ಹೋದ್ರೆ ಉಳಿದದ್ದು ಸಿಗತ್ತಾ?

ಪಾಲಿಸಿಲಿ 2 ಸಾವಿರ ಅಂತ ಸ್ಪಷ್ಟವಾಗಿ ಬರ್ದಿದ್ರೆ, ಆ ಕಾಗದ ನಿಮಗೆ ಸಿಕ್ಕಿದ್ರೆ, ಸಿಗಲ್ಲ. ಸ್ಪಷ್ಟವಾಗಿ ಬರ್ದಿರೋದನ್ನ ಕೋರ್ಟು ತಿದ್ದಲ್ಲ, ಕರಾರಿನಲ್ಲಿ ಇದ್ದಿದ್ದು ಇದ್ದ ಹಾಗೇ ಓದಬೇಕು ಅಂತ ಸುಪ್ರೀಂ ಕೋರ್ಟ್ ಸುಮಾರು ಸಲ ಹೇಳಿದೆ. ಇದಕ್ಕೆ ಓಡಾಡಿ ಸುಸ್ತಾಗಬೇಡಿ.

ಆದ್ರೂ ಮೂರು ನಾಲ್ಕು ವಿಷಯ ಚೆಕ್ ಮಾಡಿ. ಲಿಮಿಟ್ ಇರೋದು ಒಂದು ಅಡ್ಮಿಷನ್‌ಗಾ, ಒಂದು ವರ್ಷಕ್ಕಾ? ಒಂದು ಅಡ್ಮಿಷನ್‌ಗೆ ಅಂತ ಇದ್ದು, ನಿಮ್ಮವರು ಮೊದಲು ತಾಲೂಕಲ್ಲಿ ಅಡ್ಮಿಟ್ ಆಗಿ ಆಮೇಲೆ ಸಿಟಿ ಆಸ್ಪತ್ರೇಲಿ ಅಡ್ಮಿಟ್ ಆಗಿದ್ರೆ ಅದು ಎರಡು ಅಡ್ಮಿಷನ್, ಎರಡು ಸಲ ಲಿಮಿಟ್ ಕೊಡಿ ಅಂತ ವಾದ ಮಾಡೋಕೆ ದಾರಿ ಇದೆ. ರಿನ್ಯೂವಲ್ ಟೈಮಲ್ಲಿ ಲಿಮಿಟ್ ಕಡಿಮೆ ಮಾಡಿ ನಿಮಗೆ ತಿಳಿಸದೇ ಇದ್ರೆ ಅದೂ ಜಗಳಕ್ಕೆ ಅರ್ಹವಾದ ವಿಷಯವೇ. ಇನ್ನೊಂದು ಮುಖ್ಯವಾದದ್ದು, ಪಾಲಿಸಿ ಮಾರಿದಾಗ ಸರ್ಟಿಫಿಕೇಟ್ ಒಂದು ಹಾಳೆ ಕೊಟ್ಟು ಷರತ್ತಿನ ಪುಸ್ತಕ ಕೊಡದೇ ಇದ್ರೆ, ಕೊಡದೇ ಇರೋ ಎಕ್ಸ್‌ಕ್ಲೂಷನ್ (ಇದಕ್ಕೆ ದುಡ್ಡು ಕೊಡಲ್ಲ ಅನ್ನೋ ಷರತ್ತು) ಹಿಡ್ಕೊಂಡು ಕ್ಲೈಮ್ ತಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಒಂದು ವಾಚ್ ಅಂಗಡಿ ಕಳ್ಳತನದ ಕೇಸಲ್ಲಿ ಹೇಳಿದೆ. ಅದು ಹೆಲ್ತ್ ಕೇಸ್ ಅಲ್ಲ, ಆದ್ರೆ ತತ್ವ ಅದೇ, ಕನ್ಸ್ಯೂಮರ್ ಕಮಿಷನ್ನಲ್ಲಿ, ಅಂದ್ರೆ ಗ್ರಾಹಕರ ಕೋರ್ಟಲ್ಲಿ, ಹೆಲ್ತ್ ಕೇಸಿಗೂ ಎತ್ತಬಹುದು.

"ಹತ್ತಿರದ ಆಸ್ಪತ್ರೆಗೆ ಹೋಗಿಲ್ಲ" ಅಂತ ರಿಜೆಕ್ಟ್ ಮಾಡಿದಾರೆ. ಇದು ಸರೀನಾ?

ನನ್ನ ಪ್ರಕಾರ ಆಂಬ್ಯುಲೆನ್ಸ್ ಜಗಳದ ಜೀವಾಳ ಇದೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ತುಂಬಾ ಪಾಲಿಸಿಗಳಲ್ಲಿ ಆಂಬ್ಯುಲೆನ್ಸ್ ಖರ್ಚು ಹತ್ತಿರದ ಆಸ್ಪತ್ರೆಗೆ ಹೋಗೋಕೆ ಮಾತ್ರ, ಇಲ್ಲಾಂದ್ರೆ ಒಂದು ಆಸ್ಪತ್ರೇಲಿ ಸೌಲಭ್ಯ ಇಲ್ಲದೇ ಇದ್ದಾಗ ಇನ್ನೊಂದಕ್ಕೆ ಶಿಫ್ಟ್ ಮಾಡೋಕೆ ಮಾತ್ರ ಅಂತ ಇರತ್ತೆ. ಬೆಂಗಳೂರಲ್ಲಿ ಕೂತು ಫೈಲ್ ನೋಡೋರಿಗೆ ಎರಡು ಕಿಲೋಮೀಟರಿಗೆ ಒಂದು ಆಸ್ಪತ್ರೆ ಕಾಣತ್ತೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರನ್ನ ಕೇಳಿ. ಅಲ್ಲಿ ತಲೆಗೆ ಪೆಟ್ಟಾದ್ರೆ, ಹಾರ್ಟ್ ಅಟ್ಯಾಕ್ ಆದ್ರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು, ಕಾರವಾರದಿಂದ ಮಂಗಳೂರು ಅಂದ್ರೆ 250 ಕಿಲೋಮೀಟರ್ ಮೇಲೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಅಲ್ಲಿನ ಜನ ವರ್ಷಗಳಿಂದ ಕೇಳ್ತಾನೇ ಇದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿ ಕರ್ಕೊಂಡು ಬರ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಗೇಟ್ ಹತ್ರ ಪಲ್ಟಿ ಹೊಡೆದು ನಾಲ್ಕು ಜೀವ ಹೋದಾಗ ಆ ಕೂಗು ಇನ್ನೂ ಜೋರಾಯ್ತು. ಮಡಿಕೇರಿಯವರಿಗೂ ಇದೇ ಕಥೆ, ಮೈಸೂರು ಸುಮಾರು 120 ಕಿಲೋಮೀಟರ್. ಇಂಥಾ ಕಡೆ "ಹತ್ತಿರದ ಆಸ್ಪತ್ರೆ" ಅಂದ್ರೆ ಮ್ಯಾಪಲ್ಲಿ ಹತ್ತಿರ ಇರೋ ಬೋರ್ಡ್ ಅಲ್ಲ, ಆ ಕಾಯಿಲೆಗೆ ಆ ಹೊತ್ತಲ್ಲಿ ಚಿಕಿತ್ಸೆ ಕೊಡೋಕೆ ಆಗೋ ಆಸ್ಪತ್ರೆಗಳಲ್ಲಿ ಹತ್ತಿರದ್ದು. ನ್ಯೂರೋ ಸರ್ಜನ್ ಇಲ್ಲದ ಆಸ್ಪತ್ರೆ ಮೆದುಳಿನ ರಕ್ತಸ್ರಾವಕ್ಕೆ ಹತ್ತಿರ ಇದ್ರೇನು, ದೂರ ಇದ್ರೇನು.

ಕಾನೂನಿನ ಕಡೆಯಿಂದ ನಿಮ್ಮ ಪರವಾಗಿ ಎರಡು ಗಟ್ಟಿ ಮಾತಿದೆ. ಪಾಲಿಸಿಯ ಪದಕ್ಕೆ ಎರಡು ಅರ್ಥ ಬರೋ ಹಾಗಿದ್ರೆ ಪಾಲಿಸಿದಾರನಿಗೆ ಅನುಕೂಲ ಆಗೋ ಅರ್ಥ ತಗೋಬೇಕು, ಯಾಕಂದ್ರೆ ಅದನ್ನ ಬರ್ದಿದ್ದು ಕಂಪನಿ, ನೀವಲ್ಲ. ಇದು ಹಳೇ ನಿಯಮ, ಸುಪ್ರೀಂ ಕೋರ್ಟ್ 2020ರಲ್ಲಿ ಕರ್ನಾಟಕದ್ದೇ ಒಂದು ಕೋಲ್ಡ್ ಸ್ಟೋರೇಜ್ ಬೆಂಕಿ ಅನಾಹುತದ ಕೇಸಲ್ಲಿ ಮತ್ತೆ ಹೇಳಿದೆ, ರೈತರು ಅಲ್ಲಿ ತಮ್ಮ ಬೆಳೆ ಇಟ್ಟಿದ್ರು. ಎರಡನೇದು, ಎಕ್ಸ್‌ಕ್ಲೂಷನ್ ಅನ್ವಯ ಆಗತ್ತೆ ಅಂತ ಸಾಬೀತು ಮಾಡೋ ಹೊಣೆ ಕಂಪನಿ ಮೇಲೆ, 2023ರಲ್ಲೂ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ. ಹಾಗಾಗಿ ಉತ್ತರ ಬರೀವಾಗ "ನೀವು ಹೇಳೋ ಹತ್ತಿರದ ಆಸ್ಪತ್ರೆ ಯಾವುದು, ಆವತ್ತು ಅಲ್ಲಿ ಈ ಚಿಕಿತ್ಸೆ, ಐಸಿಯು ಬೆಡ್, ತಜ್ಞ ವೈದ್ಯರು ಇದ್ರಾ, ಹೆಸರು ಸಮೇತ ತಿಳಿಸಿ" ಅಂತ ಅವರನ್ನೇ ಕೇಳಿ.

ಹಾಗಂತ ಎಲ್ಲಾ ಕೇಸಲ್ಲೂ ಗೆಲ್ಲಲ್ಲ. ಅಲ್ಲೇ ಚಿಕಿತ್ಸೆ ನಡೀತಿತ್ತು, ರೋಗಿ ಸ್ಥಿರವಾಗಿದ್ರು, ಮಗಳ ಮನೆ ಬೆಂಗಳೂರಲ್ಲಿ ಇದೆ ಅಂತ ಮನೆಯವರೇ ಡಿಸ್ಚಾರ್ಜ್ ಮಾಡಿಸ್ಕೊಂಡು ಬಂದ್ರೆ, ಡಿಸ್ಚಾರ್ಜ್ ಸಮ್ಮರೀಲಿ "ವೈದ್ಯರ ಸಲಹೆಗೆ ವಿರುದ್ಧವಾಗಿ" ಅಂತ ಬರ್ದಿದ್ರೆ, ಆ ಆಂಬ್ಯುಲೆನ್ಸ್ ಖರ್ಚು ಗಿಟ್ಟೋದು ಬಹಳ ಕಷ್ಟ.

ಹಾಗಾದ್ರೆ ರೆಫರ್ ಮಾಡೋ ಡಾಕ್ಟರ್ ಹತ್ರ ಏನ್ ಬರೆಸ್ಕೋಬೇಕು?

ಮೂರು ಸಾಲು ಸಾಕು. ರೋಗಿ ಸ್ಥಿತಿ ಏನು, ಇಲ್ಲಿ ಯಾವ ಸೌಲಭ್ಯ ಇಲ್ಲ, ಯಾವ ಥರದ ಆಂಬ್ಯುಲೆನ್ಸಲ್ಲಿ ಯಾವ ಆಸ್ಪತ್ರೆಗೆ ಕಳಿಸ್ತಿದೀವಿ. ಕೆಳಗೆ ಸಹಿ, ಸೀಲು, ತಾರೀಖು, ಸಮಯ. ಬರೀ "ರೆಫರ್ಡ್ ಟು ಹೈಯರ್ ಸೆಂಟರ್" ಅಂತ ಗೀಚಿ ಕೊಡೋದು ನಮ್ಮ ಕಡೆ ರೂಢಿ, ಅದು ಸಾಕಾಗಲ್ಲ, "ವೆಂಟಿಲೇಟರ್ ಲಭ್ಯವಿಲ್ಲ" ಅಥವಾ "ಕ್ಯಾಥ್ ಲ್ಯಾಬ್ ಇಲ್ಲ" ಅಂತ ಕಾರಣ ಇರಬೇಕು. ಆ ಗಡಿಬಿಡೀಲಿ ಯಾರಿಗೆ ಇದೆಲ್ಲಾ ನೆನಪಿರತ್ತೆ ಅಂತೀರಾ, ಸರಿ, ರೋಗಿ ಜೊತೆ ಹೋಗೋರು ಹೋಗಲಿ, ಹಿಂದೆ ಉಳಿಯೋ ಒಬ್ಬರು ಇದನ್ನ ಬರೆಸ್ಕೊಳ್ಳಲಿ. ಆವತ್ತು ಆಗಲೇ ಇಲ್ಲ ಅಂದ್ರೆ ಆಮೇಲೆ ಹೋಗಿ ಕೇಸ್ ಶೀಟ್ ನೋಡಿ ಸರ್ಟಿಫಿಕೇಟ್ ಕೊಡಿ ಅಂತ ಕೇಳಬಹುದು, ಅದಕ್ಕೂ ಬೆಲೆ ಇದೆ, ಆದ್ರೆ ಆ ಕ್ಷಣದಲ್ಲೇ ಬರ್ದಿದ್ದಕ್ಕೆ ಇರೋ ತೂಕ ಬೇರೆ.

ಎದೆನೋವು ಅಂತ ಆಂಬ್ಯುಲೆನ್ಸಲ್ಲಿ ಕರ್ಕೊಂಡು ಹೋದ್ವಿ, ಕೊನೆಗೆ ಗ್ಯಾಸ್ಟ್ರಿಕ್ ಅಂದ್ರು. ಈಗ ಎಮರ್ಜೆನ್ಸಿ ಅಲ್ಲ ಅಂತಿದಾರೆ.

ಐಆರ್‌ಡಿಎಐ ಎಲ್ಲಾ ಕಂಪನಿಗಳಿಗೂ ಒಂದೇ ವ್ಯಾಖ್ಯಾನ ಕೊಟ್ಟಿದೆ. ಇದ್ದಕ್ಕಿದ್ದ ಹಾಗೆ, ನಿರೀಕ್ಷೆ ಇಲ್ಲದೆ ಕಾಣಿಸ್ಕೊಂಡ ಲಕ್ಷಣಗಳು, ಸಾವು ಅಥವಾ ಆರೋಗ್ಯಕ್ಕೆ ದೀರ್ಘಕಾಲದ ಗಂಭೀರ ಹಾನಿ ತಪ್ಪಿಸೋಕೆ ವೈದ್ಯರ ತಕ್ಷಣದ ಆರೈಕೆ ಬೇಕಾದಂಥ ಕಾಯಿಲೆ ಅಥವಾ ಗಾಯ, ಅದರ ಚಿಕಿತ್ಸೆನೇ ಎಮರ್ಜೆನ್ಸಿ ಕೇರ್. ನೋಡಿ, ಅದರಲ್ಲಿ ಲಕ್ಷಣಗಳು ಅಂತ ಇದೆ. 60 ವರ್ಷದ ಶುಗರ್ ಪೇಷೆಂಟಿಗೆ ಬೆಳಗಿನ ಜಾವ ಎದೆ ಹಿಂಡಿ ಬೆವರು ಬಂದ್ರೆ ಮನೆಯವರು ಇಸಿಜಿ ರಿಪೋರ್ಟ್ ಬರೋವರೆಗೂ ಕಾಯೋಕಾಗತ್ತಾ? ಆ ಹೊತ್ತಿನ ಲಕ್ಷಣ ಏನಿತ್ತು ಅಂತ ಕ್ಯಾಶುವಾಲ್ಟಿ ನೋಟ್ಸಲ್ಲಿ ಇರತ್ತೆ, ಬಿಪಿ, ಪಲ್ಸ್, ಆಕ್ಸಿಜನ್ ಎಷ್ಟಿತ್ತು ಎಲ್ಲಾ ಇರತ್ತೆ, ಅದರ ಕಾಪಿ ತಗೊಂಡು ಹಾಕಿ.

ಆದ್ರೆ ಇಲ್ಲಿ ಬೇರೆ ಒಂದು ತೊಡಕಿದೆ. ಬರೀ ಟೆಸ್ಟ್ ಮಾಡೋಕೆ ಅಡ್ಮಿಟ್ ಆಗಿದ್ರೆ ಕ್ಲೈಮ್ ಇಲ್ಲ ಅನ್ನೋ ಸ್ಟ್ಯಾಂಡರ್ಡ್ ಎಕ್ಸ್‌ಕ್ಲೂಷನ್ ಎಲ್ಲಾ ಪಾಲಿಸೀಲೂ ಇದೆ, ಪತ್ರದಲ್ಲಿ ಎಕ್ಸ್‌ಕ್ಲೂಷನ್ ಕೋಡ್ 04 ಅಂತ ಬರೀತಾರೆ. ಅಡ್ಮಿಷನ್ ಹೋದ್ರೆ ಆಂಬ್ಯುಲೆನ್ಸೂ ಹೋಗತ್ತೆ. ಹಾಗಾಗಿ ಆಂಬ್ಯುಲೆನ್ಸಿನ ದುಡ್ಡಿಗೆ ಮಾತ್ರ ವಾದ ಮಾಡಬೇಡಿ, ಡ್ರಿಪ್ ಹಾಕಿದ್ರಾ, ಇಂಜೆಕ್ಷನ್ ಕೊಟ್ರಾ, ಮಾನಿಟರ್ ಇಟ್ರಾ ಅಂತ ತೋರಿಸಿ ಅಡ್ಮಿಷನ್ನೇ ಸರಿಯಾಗಿತ್ತು ಅಂತ ಮೊದಲು ಗೆಲ್ಲಿ.

ದಾರಿಯಲ್ಲೇ ತೀರಿಕೊಂಡ್ರು. ಅಡ್ಮಿಟ್ ಆಗಿಲ್ಲ, 24 ಗಂಟೆ ಆಗಿಲ್ಲ ಅಂತ ಏನೂ ಕೊಡ್ತಿಲ್ಲ.

ಈ ಪ್ರಶ್ನೆ ಕೇಳೋರ ಮುಂದೆ ಪಾಲಿಸಿ ಷರತ್ತು ಮಾತಾಡೋಕೂ ಮನಸ್ಸು ಬರಲ್ಲ, ಆದ್ರೂ ನಿಜ ಹೇಳಬೇಕು. ಸಾಮಾನ್ಯ ಪಾಲಿಸಿಗಳಲ್ಲಿ ಆಸ್ಪತ್ರೆ ಅಡ್ಮಿಷನ್ ಅಂದ್ರೆ ಕನಿಷ್ಠ 24 ಗಂಟೆ ಒಳರೋಗಿಯಾಗಿ ದಾಖಲಾಗಿರಬೇಕು, ಆಂಬ್ಯುಲೆನ್ಸ್ ಖರ್ಚು ಅದಕ್ಕೆ ಅಂಟ್ಕೊಂಡಿರತ್ತೆ. ಮನೆಯಿಂದ ನೇರ ಹೋಗಿ ಆಸ್ಪತ್ರೆ ಬಾಗಿಲಲ್ಲಿ "ಬ್ರಾಟ್ ಡೆಡ್" ಅಂತ ಬರ್ದಿದ್ರೆ ಬರೀ ಪದ ಹಿಡ್ಕೊಂಡು ನೋಡಿದ್ರೆ ಕಂಪನಿ ವಾದಕ್ಕೆ ಬಲ ಇದೆ. ಆದ್ರೆ ಮೊದಲು ಒಂದು ಆಸ್ಪತ್ರೇಲಿ ಅಡ್ಮಿಟ್ ಆಗಿ, ಅಲ್ಲಿಂದ ಶಿಫ್ಟ್ ಮಾಡ್ವಾಗ ಹೋಗಿದ್ರೆ, ಮೊದಲ ಅಡ್ಮಿಷನ್ ಕ್ಲೈಮ್ ಹಾಕಿ ಅದರ ಜೊತೆ ಆಂಬ್ಯುಲೆನ್ಸ್ ಬಿಲ್ಲು ಸೇರಿಸಿ. ಕ್ಯಾಶುವಾಲ್ಟೀಲಿ ಸಿಪಿಆರ್ ಕೊಟ್ಟು, ಐಸಿಯುಗೆ ತಗೊಂಡು ಆಮೇಲೆ ಹೋಗಿದ್ರೆ ಚಿಕಿತ್ಸೆ ಶುರುವಾಗಿತ್ತು, 24 ಗಂಟೆ ತುಂಬದೇ ಇದ್ದಿದ್ದು ಸಾವಿನಿಂದ, ರೋಗಿಯ ಇಷ್ಟದಿಂದ ಅಲ್ಲ ಅಂತ ವಾದ ಮಾಡಿ, ನ್ಯಾಯ ದೃಷ್ಟಿಯಿಂದ ಇದು ಬಲವಾದ ವಾದ. ಇನ್ಶೂರೆನ್ಸ್ ದೂರು ಕೇಳಿ ತೀರ್ಮಾನ ಕೊಡೋ ಓಂಬುಡ್ಸ್‌ಮನ್ ಹತ್ರ ಹೋಗೋಕೆ ಖಂಡಿತಾ ಅರ್ಹವಾದ ಕೇಸು ಇದು. ಅಪಘಾತದ ಸಾವಾದ್ರೆ ಪರ್ಸನಲ್ ಆಕ್ಸಿಡೆಂಟ್ ಕವರ್ ಎಲ್ಲಾದ್ರೂ ಇದೆಯಾ ಅಂತ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಆಫೀಸಿನ ಪಾಲಿಸಿ ಎಲ್ಲಾ ಕಡೆ ಹುಡುಕಿ.

ಶವ ಮನೆಗೆ ತಂದ ಗಾಡಿ ಖರ್ಚು, ಡಿಸ್ಚಾರ್ಜ್ ಆಗಿ ಮನೆಗೆ ಬಂದ ಆಂಬ್ಯುಲೆನ್ಸ್ ಖರ್ಚು?

ಹೆಚ್ಚಿನ ಪಾಲಿಸೀಲಿ ಇಲ್ಲ. ಕೆಲವು ಪಾಲಿಸೀಲಿ ಪ್ರತ್ಯೇಕವಾಗಿ ಕೊಟ್ಟಿರ್ತಾರೆ, ನೋಡ್ಕೊಳ್ಳಿ.

ಆಂಬ್ಯುಲೆನ್ಸ್ ಸಿಗಲಿಲ್ಲ, ಕಾರಲ್ಲಿ ಹೋದ್ವಿ. ಅಥವಾ 108ರಲ್ಲಿ ಹೋದ್ವಿ.

ಕಾರು, ಆಟೋ, ಟ್ಯಾಕ್ಸಿ ಬಾಡಿಗೆಗೆ ಸಾಮಾನ್ಯವಾಗಿ ಕೊಡಲ್ಲ, ಪಾಲಿಸೀಲಿ ನೋಂದಾಯಿತ ಆಂಬ್ಯುಲೆನ್ಸ್ ಅಂತ ಇರತ್ತೆ. 108 ಆರೋಗ್ಯ ಕವಚ ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ಇದೆ, ಅದು ಉಚಿತ, ಬಿಲ್ಲೇ ಇಲ್ಲ ಅಂದ್ಮೇಲೆ ಕ್ಲೈಮೂ ಇಲ್ಲ. ಆದ್ರೆ 108ಕ್ಕೆ ಫೋನ್ ಮಾಡಿ ಗಾಡಿ ಖಾಲಿ ಇಲ್ಲ ಅಂದಿದ್ರೆ ಆ ಕಾಲ್ ಲಾಗ್ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಪ್ರೈವೇಟ್ ಆಂಬ್ಯುಲೆನ್ಸ್ ಯಾಕೆ ಮಾಡಿದ್ರಿ ಅಂತ ಕೇಳಿದ್ರೆ ಉತ್ತರ ಅದೇ.

ಪ್ರೈವೇಟ್ ಆಂಬ್ಯುಲೆನ್ಸ್ ಡ್ರೈವರ್ ಚೀಟೀಲಿ ಮೊತ್ತ ಬರ್ದು ಕೊಟ್ರೆ ಒಪ್ಪಲ್ಲ. ಬಿಲ್ಲಲ್ಲಿ ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ತಾರೀಖು, ಸಮಯ, ಕಿಲೋಮೀಟರ್, ರೋಗಿ ಹೆಸರು, ಸಹಿ ಇರಲಿ. ಫೋನ್‌ಪೇ, ಗೂಗಲ್‌ಪೇಲಿ ಕೊಡಿ, ದುಡ್ಡು ಕೊಟ್ಟಿದ್ದಕ್ಕೆ ಅದೇ ಸಾಕ್ಷಿ. ಅಂದ ಹಾಗೆ ರೋಗಿ ಸಾಗಿಸೋ ಆಂಬ್ಯುಲೆನ್ಸ್ ಸೇವೆಗೆ ಜಿಎಸ್‌ಟಿ ಇಲ್ಲ, ಬಿಲ್ಲಲ್ಲಿ ಜಿಎಸ್‌ಟಿ ಹಾಕಿದ್ರೆ ಯಾಕೆ ಅಂತ ಕೇಳಿ.

ಆಂಬ್ಯುಲೆನ್ಸ್ ಬಿಲ್ಲಲ್ಲೇ ಕೆಲವು ಐಟಂ ಕಟ್ ಮಾಡಿದಾರೆ.

ಪಾಲಿಸಿಯಿಂದ ಕೊಡದೇ ಇರಬಹುದಾದ ವಸ್ತುಗಳ ಪಟ್ಟಿ ಐಆರ್‌ಡಿಎಐ ಮಾಡಿದೆ, ಆಂಬ್ಯುಲೆನ್ಸ್ ಕಾಲರ್, ಆಂಬ್ಯುಲೆನ್ಸ್ ಉಪಕರಣ ಅನ್ನೋದು ಆ ಪಟ್ಟೀಲಿದೆ. ಹಾಗಾಗಿ ಬಿಲ್ಲನ್ನ ತುಂಡು ತುಂಡು ಮಾಡಿ ಉಪಕರಣಕ್ಕೆ ಇಷ್ಟು, ಕಾಲರ್‌ಗೆ ಇಷ್ಟು ಅಂತ ಬರ್ದಿದ್ರೆ ಅಷ್ಟು ಹೋಗತ್ತೆ. ದಾರೀಲಿ ಕೊಟ್ಟ ಆಕ್ಸಿಜನ್, ಜೊತೆಗೆ ಬಂದ ನರ್ಸು ಇದು ಉಪಕರಣ ಅಲ್ಲ, ಅದನ್ನೂ ಇದೇ ಹೆಸರಲ್ಲಿ ಕಟ್ ಮಾಡಿದ್ರೆ ಪ್ರಶ್ನೆ ಮಾಡಿ.

ಏರ್ ಆಂಬ್ಯುಲೆನ್ಸ್ ಲಕ್ಷಗಟ್ಟಲೆ ಆಗಿದೆ, ಪಾಲಿಸೀಲಿ ಇದೆ ಅಂತಾನೂ ಇದೆ, ಆದ್ರೂ ಕೊಡ್ತಿಲ್ಲ.

ಏರ್ ಆಂಬ್ಯುಲೆನ್ಸ್ ಕವರ್ ಇತ್ತೀಚಿನ ಪಾಲಿಸಿಗಳಲ್ಲಿ ಜಾಹೀರಾತಿಗೆ ಚೆನ್ನಾಗಿ ಕಾಣತ್ತೆ, ಒಳಗೆ ಷರತ್ತು ಬಿಗಿ. ಪ್ರಾಣಾಪಾಯ ಇರಬೇಕು, ರಸ್ತೆಯಲ್ಲಿ ಕರ್ಕೊಂಡು ಹೋದ್ರೆ ಅಪಾಯ ಅಂತ ಚಿಕಿತ್ಸೆ ಕೊಡ್ತಿರೋ ವೈದ್ಯರು ಲಿಖಿತವಾಗಿ ಹೇಳಿರಬೇಕು, ವಿಮಾನದವರಿಗೆ ಲೈಸೆನ್ಸ್ ಇರಬೇಕು, ತುಂಬಾ ಪಾಲಿಸೀಲಿ ಮೊದಲೇ ಒಪ್ಪಿಗೆ ತಗೊಂಡಿರಬೇಕು. ಜಗಳ ಹುಟ್ಟೋದು ಈ ಕೊನೇದ್ರಲ್ಲಿ. ರೋಗಿ ವೆಂಟಿಲೇಟರ್ ಮೇಲಿರ್ತಾರೆ, ಕಂಪನಿ ಈಮೇಲ್ ಉತ್ತರಕ್ಕೆ ಕಾಯೋಕಾಗಲ್ಲ, ವಿಮಾನ ಬಂದು ನಿಂತಿರತ್ತೆ. ಅಂಥಾ ಹೊತ್ತಲ್ಲಿ ಕನಿಷ್ಠ ಒಂದು ಈಮೇಲ್ ಕಳಿಸಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ದೂರು ಸಂಖ್ಯೆ ತಗೊಳ್ಳಿ, ಉತ್ತರ ಬರದೇ ಇದ್ರೂ "ಕೇಳಿದ್ವಿ, ನೀವೇ ಟೈಮಿಗೆ ಹೇಳಲಿಲ್ಲ" ಅನ್ನೋ ಸ್ಥಾನ ನಿಮಗೆ ಸಿಗತ್ತೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆ ಒಳಗೆ ತೀರ್ಮಾನ ಹೇಳಬೇಕು ಅಂತ ಐಆರ್‌ಡಿಎಐ 2024ರ ಮೇ 29ರ ಮಾಸ್ಟರ್ ಸರ್ಕ್ಯುಲರಲ್ಲಿ ಕಂಪನಿಗಳಿಗೆ ಹೇಳಿದೆ, ಆಸ್ಪತ್ರೆ ಮೂಲಕ ಕೋರಿಕೆ ಹೋಗಿದ್ರೆ ಇದನ್ನ ನೆನಪಿಸಿ.

ಏರ್ ಆಂಬ್ಯುಲೆನ್ಸ್ ಷರತ್ತು ಪೂರೈಸದೇ ಇದ್ರೆ ಕನಿಷ್ಠ ರಸ್ತೆ ಆಂಬ್ಯುಲೆನ್ಸ್ ಲಿಮಿಟ್ಟಾದ್ರೂ ಕೊಡಿ ಅಂತ ಪರ್ಯಾಯ ಬೇಡಿಕೆ ಇಡೋದು ಮರೀಬೇಡಿ.

ಹಳೇ ಕಾಯಿಲೆ ಮುಚ್ಚಿಟ್ಟಿದೀರಿ ಅಂತ ಇಡೀ ಕ್ಲೈಮೇ ರಿಜೆಕ್ಟ್, ಅದರ ಜೊತೆ ಆಂಬ್ಯುಲೆನ್ಸೂ ಹೋಯ್ತು.

ಇದಕ್ಕೆ ಎಲ್ರೂ ತಿಳ್ಕೋಬೇಕಾದ ಒಂದು ತೀರ್ಪಿದೆ. ಒಬ್ಬರು 2009ರಲ್ಲಿ ವಿದೇಶ ಪ್ರವಾಸದ ಮೆಡಿಕ್ಲೈಮ್ ಮಾಡಿಸ್ಕೊಂಡು ಅಮೆರಿಕಕ್ಕೆ ಹೋದ್ರು, ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಲ್ಲೇ ಸುಸ್ತಾಗಿ ಬೆವರೋಕೆ ಶುರುವಾಯ್ತು, ಆಸ್ಪತ್ರೇಲಿ ಆಂಜಿಯೋಪ್ಲಾಸ್ಟಿ ಮಾಡಿ ಮೂರು ಸ್ಟೆಂಟ್ ಹಾಕಿದ್ರು. ಕೊಲೆಸ್ಟ್ರಾಲ್ ಮಾತ್ರೆ ತಗೋತಿದ್ದಿದ್ದು ಹೇಳಿಲ್ಲ ಅಂತ ಕಂಪನಿ ಕ್ಲೈಮ್ ತಳ್ಳಿತು, ನ್ಯಾಷನಲ್ ಕನ್ಸ್ಯೂಮರ್ ಕಮಿಷನ್ನಲ್ಲೂ ಅವರು ಸೋತರು. 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಡ್ತು, ಪೀಠದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತೆ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ರು. ಡಯಾಬಿಟಿಸ್ ಇದೆ ಅಂತ ಹೇಳಿದ್ಮೇಲೂ ಮೆಡಿಕಲ್ ರಿಪೋರ್ಟ್ ನೋಡಿ ಪಾಲಿಸಿ ಕೊಟ್ಟಿದೀರಿ, ಅಂದ್ಮೇಲೆ ಈಗ ಹಿಂದೆ ಸರಿಯೋ ಹಾಗಿಲ್ಲ ಅನ್ನೋದು ಅದರ ಸಾರ. ಹನ್ನೆರಡು ವರ್ಷ ಹಿಡೀತು, ಅದು ಬೇಜಾರಿನ ವಿಷಯ, ಆದ್ರೆ ಆ ತೀರ್ಪು ಇವತ್ತು ಸಾವಿರಾರು ಜನಕ್ಕೆ ಆಸರೆ.

ಇನ್ನೊಂದು, 60 ತಿಂಗಳು ಬಿಡದೇ ಪ್ರೀಮಿಯಂ ಕಟ್ಟಿದ್ರೆ ಆಮೇಲೆ ಮುಚ್ಚಿಟ್ಟಿದ್ರಿ ಅಂತ ತಕರಾರು ಎತ್ತೋ ಹಾಗಿಲ್ಲ, ವಂಚನೆ ಅಂತ ಸಾಬೀತು ಮಾಡಿದ್ರೆ ಮಾತ್ರ. ಮೊದಲು ಇದು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಸಿದ್ರು.

ತಡವಾಗಿ ತಿಳಿಸಿದ್ರಿ, ಆ ಕಾಗದ ಕೊಡಿ ಈ ಕಾಗದ ಕೊಡಿ ಅಂತ ಸತಾಯಿಸ್ತಿದಾರೆ.

ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ನಿಜವಾದ ಕ್ಲೈಮ್ ತಳ್ಳಬಾರದು ಅಂತ ನಿಯಂತ್ರಕರು 2011ರ ಸೆಪ್ಟೆಂಬರಲ್ಲೇ ಸರ್ಕ್ಯುಲರ್ ಹೊರಡಿಸಿದ್ರು, 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡೀತು. ಪಾಲಿಸಿದಾರನ ಕೈಲಿ ತರೋಕೇ ಆಗದ ಕಾಗದ ಕೇಳಿ ಕ್ಲೈಮ್ ನಿಲ್ಲಿಸಬಾರದು ಅಂತ 2022ರ ಮೇನಲ್ಲಿ ಕಳುವಾದ ಲಾರಿಯ ಕೇಸಲ್ಲಿ ಹೇಳಿದೆ. ಮೂರು ತಿಂಗಳ ಹಿಂದಿನ ಆಂಬ್ಯುಲೆನ್ಸ್ ಡ್ರೈವರ್ ಲೈಸೆನ್ಸ್, ಗಾಡಿಯ ಟ್ರಿಪ್ ಶೀಟ್ ತನ್ನಿ ಅಂತ ನಿಮ್ಮನ್ನ ಕೇಳಿದ್ರೆ ಈ ಮಾತು ಹೇಳಿ. 2024ರ ಸರ್ಕ್ಯುಲರ್ ಪ್ರಕಾರ ಬೇಕಾದ ದಾಖಲೆ ಆಸ್ಪತ್ರೆಯಿಂದ ತರಿಸ್ಕೊಳ್ಳೋದು ಕಂಪನಿ ಮತ್ತೆ ಟಿಪಿಎ (ಕಂಪನಿ ಪರವಾಗಿ ಕ್ಲೈಮ್ ಕಾಗದ ನೋಡೋ ಸಂಸ್ಥೆ) ಕೆಲಸ.

ರಿಜೆಕ್ಷನ್ ಪತ್ರದಲ್ಲಿ ಏನ್ ನೋಡಬೇಕು?

ಯಾವ ಷರತ್ತಿನ ಯಾವ ನಂಬರ್ ಅಂತ ಬರ್ದಿದಾರಾ ನೋಡಿ, ಪೂರ್ತಿ ತಳ್ಳಿದ್ರೂ ಅರ್ಧ ಕಟ್ ಮಾಡಿದ್ರೂ ಷರತ್ತು ಹೆಸರಿಸಿ ಕಾರಣ ಕೊಡಲೇಬೇಕು. ಕ್ಲೈಮ್ ತಳ್ಳೋ ಮೊದಲು ಕಂಪನಿಯೊಳಗಿನ ಕ್ಲೈಮ್ಸ್ ರಿವ್ಯೂ ಕಮಿಟಿ ಒಪ್ಪಿರಬೇಕು ಅಂತಾನೂ ನಿಯಮ ಇದೆ, ಒಪ್ಪಿಗೆ ಆಗಿದೆಯಾ ಅಂತ ಲಿಖಿತವಾಗಿ ಕೇಳಿ. ಆ ಪತ್ರ ಜೋಪಾನವಾಗಿ ಇಟ್ಕೊಳ್ಳಿ, ಯಾಕಂದ್ರೆ ಪತ್ರದಲ್ಲಿ ಹೇಳದ ಹೊಸ ಕಾರಣ ಆಮೇಲೆ ಕೇಸಲ್ಲಿ ಎತ್ತೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಫೋನಲ್ಲಿ ರಿಜೆಕ್ಟ್ ಆಗಿದೆ ಅಂದ್ರೆ ಒಪ್ಪಬೇಡಿ, ಈಮೇಲ್ ಕಳಿಸಿ ಅನ್ನಿ.

ದೂರು ಎಲ್ಲಿಂದ ಶುರು ಮಾಡೋದು?

ಮೊದಲು ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಈಮೇಲ್, ಟಿಪಿಎಗೆ ಬರೆದ್ರೆ ಸಾಲಲ್ಲ, ತೀರ್ಮಾನ ಮಾಡೋದು ಕಂಪನಿ. ಎರಡು ವಾರದಲ್ಲಿ ಉತ್ತರ ಕೊಡಬೇಕು. ಜೊತೆಗೇ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಲ್ಲಿ ಹಾಕಿ, ಇಲ್ಲಾಂದ್ರೆ 155255ಕ್ಕೆ ಫೋನ್ ಮಾಡಿ. ಪೋರ್ಟಲ್‌ನಿಂದ ತೀರ್ಪು ಬರಲ್ಲ, ಅದು ಕಂಪನಿಗೇ ಹೋಗತ್ತೆ, ಆದ್ರೆ ನಿಯಂತ್ರಕರ ಕಣ್ಣಿಗೆ ಬಿದ್ದಿದೆ ಅಂದಾಗ ಸಣ್ಣ ಮೊತ್ತದ ಕ್ಲೈಮ್ ಅಲ್ಲೇ ಮುಗಿದುಹೋಗೋದೂ ಉಂಟು.

ಒಂದು ತಿಂಗಳು ಉತ್ತರ ಇಲ್ಲ ಅಥವಾ ಉತ್ತರ ಒಪ್ಪಿಗೆ ಆಗಲಿಲ್ಲ ಅಂದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಬಿಲ್ಡಿಂಗಲ್ಲಿ ಆಫೀಸಿದೆ, ಆನ್‌ಲೈನಲ್ಲೂ ಹಾಕಬಹುದು. ಫೀಸ್ ಇಲ್ಲ. ವಕೀಲರಿಗೆ ಅವಕಾಶ ಇಲ್ಲ, ಇದು ನಿಮಗೇ ಒಳ್ಳೇದು. ಕಂಪನಿಯ ಕೊನೇ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷದವರೆಗೂ ಆದೇಶ ಕೊಡೋ ಅಧಿಕಾರ ಇದೆ. ಆದೇಶ ಬಂದ್ಮೇಲೆ ಕಂಪನಿ 30 ದಿನದಲ್ಲಿ ಪಾಲಿಸದೇ ಇದ್ರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು ಅಂತ 2024ರ ಸರ್ಕ್ಯುಲರಲ್ಲಿದೆ.

ಓಂಬುಡ್ಸ್‌ಮನ್ನಾ, ಕನ್ಸ್ಯೂಮರ್ ಕೋರ್ಟಾ?

ಬರೀ ಆಂಬ್ಯುಲೆನ್ಸ್ ದುಡ್ಡಿನ ಜಗಳ ಆದ್ರೆ ಓಂಬುಡ್ಸ್‌ಮನ್ ಸಾಕು ಅನ್ನೋದು ನನ್ನ ಅಭಿಪ್ರಾಯ, ಬೇಗ ಮುಗಿಯತ್ತೆ. ದೊಡ್ಡ ಕ್ಲೈಮ್ ಜೊತೆ ಸೇರಿದ್ರೆ, ಮಾನಸಿಕ ಹಿಂಸೆಗೆ ಪರಿಹಾರ, ಕೋರ್ಟ್ ಖರ್ಚು ಎಲ್ಲಾ ಬೇಕಂದ್ರೆ ಕನ್ಸ್ಯೂಮರ್ ಕಮಿಷನ್. ಒಂದು ಎಚ್ಚರ, ಕಮಿಷನ್ನಲ್ಲಿ ಮೊದಲೇ ಕೇಸ್ ಹಾಕಿಬಿಟ್ರೆ ಓಂಬುಡ್ಸ್‌ಮನ್ ನಿಮ್ಮ ದೂರು ತಗೊಳ್ಳಲ್ಲ. ಓಂಬುಡ್ಸ್‌ಮನ್ ಆದೇಶ ನಿಮಗೆ ಸಮಾಧಾನ ಆಗಲಿಲ್ಲ ಅಂದ್ರೆ ಒಪ್ಪದೇ ಕಮಿಷನ್‌ಗೆ ಹೋಗಬಹುದು. ಹಾಗಾಗಿ ಈ ಕ್ರಮದಲ್ಲೇ ಹೋಗೋದು ಜಾಣತನ.

ಕಮಿಷನ್ ಬಗ್ಗೆ ಜನಕ್ಕೆ ಗೊತ್ತಿಲ್ಲದ ವಿಷಯ, 2019ರ ಗ್ರಾಹಕ ರಕ್ಷಣಾ ಕಾಯಿದೆ ಪ್ರಕಾರ ಕಂಪನಿ ಹೆಡ್ ಆಫೀಸ್ ಮುಂಬೈಲಿದ್ರೂ ಚೆನ್ನೈಲಿದ್ರೂ ನೀವು ವಾಸ ಇರೋ ಜಿಲ್ಲೇಲೇ ಕೇಸ್ ಹಾಕಬಹುದು, ಹಾವೇರಿಯವರು ಹಾವೇರೀಲೇ ಹಾಕಿ. ಯಾವ ಹಂತದ ಕಮಿಷನ್ ಅನ್ನೋದು ಕ್ಲೈಮ್ ಮೊತ್ತದ ಮೇಲಲ್ಲ, ನೀವು ಕಟ್ಟಿದ ಪ್ರೀಮಿಯಂ ಮೇಲೆ, ಅದು 50 ಲಕ್ಷದೊಳಗಿದ್ರೆ ಜಿಲ್ಲಾ ಕಮಿಷನ್, ಅಂದ್ರೆ ಹೆಚ್ಚುಕಮ್ಮಿ ಎಲ್ರೂ ಅಲ್ಲಿಗೇ. 5 ಲಕ್ಷದವರೆಗೆ ಫೀಸೂ ಇಲ್ಲ. ವಕೀಲರಿಲ್ಲದೇ ನೀವೇ ವಾದ ಮಾಡಬಹುದು, ಇ-ಜಾಗೃತಿ ಪೋರ್ಟಲಲ್ಲಿ ಮನೆಯಿಂದಾನೇ ಫೈಲ್ ಮಾಡಬಹುದು.

ಆಫೀಸಿನ ಗ್ರೂಪ್ ಪಾಲಿಸಿ. ದೂರು ಕೊಡೋರು ನಾವಾ, ಕಂಪನಿ ಎಚ್‌ಆರಾ?

ನೀವೇ ಕೊಡಬಹುದು, ಗ್ರೂಪ್ ಪಾಲಿಸಿಯ ಸದಸ್ಯರ ದೂರನ್ನೂ ಓಂಬುಡ್ಸ್‌ಮನ್ ತಗೋತಾರೆ. ಎಚ್‌ಆರ್ ಹತ್ರ ಮಾಸ್ಟರ್ ಪಾಲಿಸಿ ಕಾಪಿ ಇಸ್ಕೊಳ್ಳಿ, ಟಿಪಿಎ ಆಪಲ್ಲಿ ಕಾಣೋ ಅರ್ಧ ಪುಟ ನಂಬ್ಕೊಂಡು ವಾದ ಮಾಡಬೇಡಿ.

ಎರಡು ಪಾಲಿಸಿ ಇದ್ರೆ?

ಒಂದ್ರಲ್ಲಿ 2 ಸಾವಿರ ಕೊಟ್ರೆ ಉಳಿದದ್ದನ್ನ ಇನ್ನೊಂದರ ಲಿಮಿಟ್ ಇರೋವರೆಗೆ ಕೇಳಬಹುದು. ಮೊದಲ ಕಂಪನಿಯಿಂದ ಸೆಟಲ್ಮೆಂಟ್ ಪತ್ರ, ಅವರೇ ದೃಢೀಕರಿಸಿದ ಬಿಲ್ ಕಾಪಿ ತಗೊಂಡು ಎರಡನೇ ಕಂಪನಿಗೆ ಹಾಕಿ. ಆಫೀಸಿನದ್ದೂ ಸ್ವಂತದ್ದೂ ಇರೋ ಎಷ್ಟೋ ಜನ ಇದನ್ನ ಕೇಳೋದೇ ಇಲ್ಲ.

ರಸ್ತೆ ಅಪಘಾತ ಆದ್ರೆ?

ಅಪಘಾತದಲ್ಲಿ ಹೆಲ್ತ್ ಪಾಲಿಸಿ ಒಂದೇ ದಾರಿ ಅಲ್ಲ. 2025ರ ಮೇ 5ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಯೋಜನೇಲಿ ಅಪಘಾತದಲ್ಲಿ ಗಾಯ ಆದವರಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿವರೆಗೂ ಕ್ಯಾಶ್‌ಲೆಸ್ ಚಿಕಿತ್ಸೆ ಇದೆ, ಪಾಲಿಸಿ ಇರಲಿ ಇಲ್ಲದಿರಲಿ. ಆಂಬ್ಯುಲೆನ್ಸ್, ಓಡಾಟದ ಖರ್ಚನ್ನ ಮೋಟಾರು ಅಪಘಾತ ಟ್ರಿಬ್ಯೂನಲಲ್ಲಿ ಗಾಡಿಯ ಇನ್ಶೂರೆನ್ಸ್‌ನಿಂದ ಕೇಳಬಹುದು, ಬಿಲ್ಲು ಕಳ್ಕೋಬೇಡಿ, ಅರ್ಜಿ 6 ತಿಂಗಳೊಳಗೆ ಹಾಕಿ. ಇನ್ನು ಗಾಯಾಳುನ ಸಾಗಿಸಿದ ದಾರಿಹೋಕರಿಗೆ ತೊಂದರೆ ಆಗದ ಹಾಗೆ ಕರ್ನಾಟಕದಲ್ಲಿ ಗುಡ್ ಸಮಾರಿಟನ್ ಕಾನೂನಿದೆ, ಹೆದರದೆ ಸಹಾಯ ಮಾಡಿ.

ಅಪ್ಪ ಅಮ್ಮ ಅಮೆರಿಕಕ್ಕೆ ಮಗನ ಮನೆಗೆ ಹೋದಾಗ ಆಂಬ್ಯುಲೆನ್ಸ್ ಬಿಲ್ಲು ಬಂದಿದೆ.

ಅಲ್ಲಿ 2022ರ ಜನವರಿ 1ರಿಂದ ನೋ ಸರ್ಪ್ರೈಸಸ್ ಆಕ್ಟ್ ಅಂತ ಇದೆ, ನೆಟ್‌ವರ್ಕ್ ಹೊರಗಿನ, ಅಂದ್ರೆ ಇನ್ಶೂರೆನ್ಸ್ ಕಂಪನಿ ಜೊತೆ ಒಪ್ಪಂದ ಇಲ್ಲದ ಏರ್ ಆಂಬ್ಯುಲೆನ್ಸ್ ಆದ್ರೂ ನೆಟ್‌ವರ್ಕ್ ಒಳಗಿನ ಪಾಲು ಮಾತ್ರ ರೋಗಿ ಕೊಡಬೇಕು, ಮಿಕ್ಕ ಜಗಳ ಇನ್ಶೂರೆನ್ಸ್ ಮತ್ತೆ ಆಂಬ್ಯುಲೆನ್ಸ್ ಕಂಪನಿ ನಡುವೆ. ಆದ್ರೆ ರಸ್ತೆ ಆಂಬ್ಯುಲೆನ್ಸ್ ಇದರಲ್ಲಿ ಸೇರಿಲ್ಲ. ಕ್ಯಾಲಿಫೋರ್ನಿಯಾ ತನ್ನದೇ ಕಾನೂನು ತಂದು 2024ರಿಂದ ರಾಜ್ಯದ ನಿಯಂತ್ರಣದಲ್ಲಿರೋ ಪ್ಲಾನ್‌ಗಳಿಗೆ ರಸ್ತೆ ಆಂಬ್ಯುಲೆನ್ಸನ್ನೂ ಸೇರಿಸಿದೆ. ಇದೆಲ್ಲಾ ಅಲ್ಲಿ ಕೆಲಸ ಮಾಡೋ ಮಗ ಸೊಸೆಯ ಪ್ಲಾನಿಗೆ. ಅಪ್ಪ ಅಮ್ಮನ ವಿಸಿಟರ್ ಇನ್ಶೂರೆನ್ಸಿಗೆ ಈ ರಕ್ಷಣೆ ಇಲ್ಲ. ಹಾಗಾಗಿ ತಗೊಳ್ಳೋವಾಗ ಒಂದೊಂದು ಖರ್ಚಿಗೂ ಇಷ್ಟೇ ಅಂತ ಕೊಡೋ ಫಿಕ್ಸೆಡ್ ಬೆನಿಫಿಟ್ ಪ್ಲಾನ್ ಬೇಡ, ಕಾಂಪ್ರೆಹೆನ್ಸಿವ್ ತಗೊಳ್ಳಿ, ಹಳೇ ಕಾಯಿಲೆ ಇದ್ದಕ್ಕಿದ್ದ ಹಾಗೆ ಉಲ್ಬಣ ಆದ್ರೆ ಎಷ್ಟು ಕೊಡ್ತಾರೆ, ಯಾವ ವಯಸ್ಸಿನವರೆಗೆ ಕೊಡ್ತಾರೆ ಅಂತ ನೋಡಿ. ಇಂಡಿಯಾದ ಟ್ರಾವೆಲ್ ಪಾಲಿಸಿ ಆಗಿದ್ರೆ ವಾಪಸ್ ಬಂದು ಇಲ್ಲೇ ದೂರು ಕೊಡಬಹುದು, ಮೇಲೆ ಹೇಳಿದ ಸ್ಯಾನ್ ಫ್ರಾನ್ಸಿಸ್ಕೋ ಕೇಸ್ ಇಲ್ಲೇ ನಡೆದಿದ್ದು.

ಕ್ಲೈಮ್ ರಿಜೆಕ್ಟ್ ಆಗಿ ವರ್ಷ ಮೇಲಾಯ್ತು, ಈಗ ಏನಾದ್ರೂ ಮಾಡಬಹುದಾ?

ಓಂಬುಡ್ಸ್‌ಮನ್ ಹತ್ರ ಒಂದು ವರ್ಷ, ಅವರು ಸೂಕ್ತ ಕಾರಣ ಇದ್ರೆ ತಡ ಮನ್ನಿಸಬಹುದು. ಕನ್ಸ್ಯೂಮರ್ ಕಮಿಷನ್‌ಗೆ ಎರಡು ವರ್ಷ ಟೈಮ್ ಇದೆ, ಅದು ದಾಟಿದ್ರೂ ಕಾಯಿಲೆ, ಮನೇಲಿ ಸಾವು ಅಂತ ದಾಖಲೆ ಸಮೇತ ಕಾರಣ ಕೊಟ್ಟು ಅರ್ಜಿ ಹಾಕಬಹುದು. ಈಗಲೇ ಹಳೇ ರಿಜೆಕ್ಷನ್ ಪತ್ರ ತೆಗೆದು ತಾರೀಖು ನೋಡಿ, ರೆಫರ್ ಮಾಡಿದ ಆಸ್ಪತ್ರೆಗೆ ಹೋಗಿ ಕೇಸ್ ಶೀಟ್ ಕಾಪಿಗೆ ಅರ್ಜಿ ಕೊಡಿ, ವರ್ಷಗಳು ಕಳೆದ ಹಾಗೆ ಆಸ್ಪತ್ರೆಯವರು ಹಳೇ ದಾಖಲೆ ಇಟ್ಕೊಳ್ಳಲ್ಲ. ಆ ಕಾಗದ ಕೈಗೆ ಬಂದ್ಮೇಲೆ ಕೂತು ದೂರು ಬರೀರಿ.